ಮೊದಲ ಹಂತದಾಗ ದರಾನೇ ಕೇಳಿಲ್ಲ: ಎರಡು ಹಂತದ ಟೆಂಡರ್‌ಗೆ ಹ್ಯಾಂಗ ತಯಾರಾಗಬೇಕು?

ಶೋರಾಪುರ_ನೀರಗಂಟಿ

ಎಲ್ಲರಿಗೂ ಶರಣು. ನಾ ಯಾದಗಿರಿ ಜಿಲ್ಲಾದಾಗ ಶುದ್ಧ ಕುಡಿಯುವ ನೀರಿನ ಘಟಕ ಕೂಡ್ಸೋದು, ರಿಪೇರಿ, ಮೇಂಟೆನೆನ್ಸ್ ಕೆಲಸ ಮಾಡ್ತೀನ್ರಿ. ಇಲ್ಲೀತನಕ ಹಾಕಿದ ಟೆಂಡರ್ ಎಲ್ಲಾ ರಾಜ್ಯದ ಕೆಪಿಪಿಪಿ ಪೋರ್ಟಲ್‌ದಾಗ, ಎರಡು ಕವರ್‌ದವು. ಟೆಕ್ನಿಕಲ್ ಕಾಗದ, ದರ ಎರಡೂ ಒಂದೇ ದಿನ ಅಪ್‌ಲೋಡ್ ಮಾಡೋದು. ಟೆಕ್ನಿಕಲ್ ಪಾಸ್ ಆದವರ ದರ ಅಷ್ಟೇ ಆಮ್ಯಾಲ ತೆಗೀತಾರ. ಅದು ರೂಢಿ ಆಗ್ಯದ.

ಈಗ ನಮ್ಮ ಭಾಗದಾಗ ಕೇಂದ್ರ ಸರ್ಕಾರದ ಒಂದು ಸಂಸ್ಥೆಯವರು ತಮ್ಮ ಕ್ಯಾಂಪಸ್ಸಿಗೆ ನೀರಿನ ಘಟಕಕ್ಕ ಟೆಂಡರ್ ಕರೆದಾರ. ಬೋರ್ ನೀರಾಗ ಫ್ಲೋರೈಡ್ ಜಾಸ್ತಿ ಅದ. ಅದನ್ನ ಇಳಿಸಬೇಕು, ಮತ್ತ ಐದು ವರ್ಷ ನಾವೇ ನಡೆಸಿಕೊಡಬೇಕು. ಆದ್ರ ಡಾಕ್ಯುಮೆಂಟ್‌ದಾಗ ಬಿಒಕ್ಯೂನೇ (ಯಾವ ಸಾಮಾನು, ಕೆಲಸ ಎಷ್ಟು ಅನ್ನೋ ಪಟ್ಟಿ) ಇಲ್ಲ. ಯಾವ ಮಷೀನು, ಎಷ್ಟು ಎಚ್‌ಪಿ ಪಂಪು, ಏನೂ ಬರೆದಿಲ್ಲ. ದಿನಕ್ಕ ಇಷ್ಟು ಲೀಟರ್ ಬೇಕು, ನೀರು ಈ ಗುಣಮಟ್ಟದ್ದಿರಬೇಕು, ಅಷ್ಟೇ. ಮೊದಲ ಹಂತದಾಗ ಎಲ್ಲೇ ಆಗಲಿ ದರ ಬರೆದ್ರ ಬಿಡ್ ರಿಜೆಕ್ಟ್ ಅಂತ ದಪ್ಪ ಅಕ್ಷರದಾಗ ಹಾಕ್ಯಾರ.

ದರ ಇಲ್ಲದ ಟೆಂಡರ್ ನಾ ಈ ತನಕ ನೋಡಿಲ್ಲ. ಇಎಂಡಿ (ಬಿಡ್ ಜೊತೆ ಇಡೋ ಭದ್ರತಾ ಠೇವಣಿ) ಈಗೇ ಕಟ್ಟಬೇಕಾ, ಆಮ್ಯಾಲ ಕಟ್ಟಬೇಕಾ? ನಾ ಕೊಟ್ಟ ಡಿಸೈನ್ ನೋಡಿ ಅದನ್ನೇ ಸ್ಪೆಸಿಫಿಕೇಶನ್ ಮಾಡಿ ದೊಡ್ಡ ಕಂಪನಿಗೆ ಕೆಲಸ ಕೊಟ್ಟುಬಿಟ್ರ ನನ್ನ ಗತಿ ಏನು? ನಮ್ಮಂಥ ಸಣ್ಣವರು ಇದಕ್ಕ ಕೈ ಹಾಕಬೇಕೋ ಬಿಡಬೇಕೋ? ಅನುಭವ ಇದ್ದವರು ಬಿಡಿಸಿ ಹೇಳ್ರಿ.

ಭಾಲ್ಕಿ_ಸಿವಿಲ್

ತಮ್ಮಾ, ಹೆಸರು ಬ್ಯಾರೆ, ಕೆಲಸ ಅದೇ. ಎರಡು ಕವರ್ ಅಂದ್ರೇನು, ಎರಡು ಹಂತ ಅಂದ್ರೇನು. ಟರ್ನೋವರ್, ವರ್ಕ್ ಡನ್ ಸರ್ಟಿಫಿಕೇಟ್, ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಎಲ್ಲಾ ಜೋಡಿಸಿ ಹಾಕು. ದರ ಅವರು ಕೇಳಿದಾಗ ಕೊಡು.

ನಿವೃತ್ತ_ಎಇಇ_ಕಲಬುರಗಿ

ಭಾಲ್ಕಿಯವರೇ, ಇವು ಎರಡೂ ಒಂದಲ್ಲ. ಈ ತಪ್ಪು ತಿಳಿವಳಿಕೆ ಕಚೇರಿಗಳಲ್ಲೂ ಇದೆ, ಗುತ್ತಿಗೆದಾರರಲ್ಲೂ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಾವಕಾಶವಾಗಿ ಓದಿ.

ನಮ್ಮ ರಾಜ್ಯದಲ್ಲಿ ಟೆಂಡರ್ ನಡೆಯೋದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು 2000ದ ನಿಯಮಗಳ ಮೇಲೆ. ಕೆಟಿಪಿಪಿ ಅಂತೀವಲ್ಲ, ಅದೇ. ಅದರ 28ನೇ ನಿಯಮದಲ್ಲಿ ಎರಡು ಲಕೋಟೆ ಪದ್ಧತಿ ಇದೆ. ಅಲ್ಲಿ ಇಲಾಖೆಗೆ ಏನು ಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರ್ತದೆ. ಎಸ್ಟಿಮೇಟ್ ಆಗಿದೆ, ಡ್ರಾಯಿಂಗ್ ಇದೆ, ಬಿಒಕ್ಯೂ ಇದೆ. ಮೊದಲ ಲಕೋಟೆ ಉತ್ತರಿಸೋ ಪ್ರಶ್ನೆ ಒಂದೇ: ಈ ಮನುಷ್ಯ ಈ ಕೆಲಸ ಮಾಡಬಲ್ಲನಾ? ದರದ ಲಕೋಟೆ ಅದೇ ದಿನ ಬಂದಿರ್ತದೆ, ಮುಚ್ಚಿರ್ತದೆ. ತಾಂತ್ರಿಕ ಪರಿಶೀಲನೆ ನಡೆಯುವಾಗ ಬಿಡ್ಡುದಾರ ಒಂದು ಪೈಸೆ ಬದಲಿಸೋ ಹಾಗಿಲ್ಲ, ಇಲಾಖೆ ಸ್ಪೆಸಿಫಿಕೇಶನ್‌ನ ಒಂದು ಸಾಲು ಬದಲಿಸೋ ಹಾಗಿಲ್ಲ.

27ನೇ ನಿಯಮದಲ್ಲಿ ಪ್ರಿ-ಕ್ವಾಲಿಫಿಕೇಶನ್ ಅಂತ ಇನ್ನೊಂದಿದೆ. ಮೊದಲು ಅರ್ಹರು ಯಾರು ಅಂತ ಆರಿಸೋದು, ಆಮೇಲೆ ಅವರಿಂದ ಮಾತ್ರ ಟೆಂಡರ್ ಕರೆಯೋದು. ಅಲ್ಲೂ ಕೆಲಸ ಏನು ಅನ್ನೋದರಲ್ಲಿ ಬದಲಾವಣೆ ಇಲ್ಲ.

ನೀರಗಂಟಿಯವರು ಕೇಳ್ತಿರೋದು ಮೂರನೆಯದು. ಕೇಂದ್ರ ಸಂಸ್ಥೆ ಅಂದಿರಿ, ಹಾಗಾದರೆ ಅದು 2017ರ ಸಾಮಾನ್ಯ ಹಣಕಾಸು ನಿಯಮಗಳ ಕೆಳಗೆ ಬರ್ತದೆ. ಜಿಎಫ್‌ಆರ್ ತೆಗೆದು ನೋಡಿ. 163ನೇ ನಿಯಮದಲ್ಲಿ ಎರಡು ಬಿಡ್, ಅಂದರೆ ನಮ್ಮ ಎರಡು ಕವರ್ ಥರದ್ದು. 164ನೇ ನಿಯಮದಲ್ಲಿ ಎರಡು ಹಂತದ ಬಿಡ್ಡಿಂಗ್. ಎರಡಕ್ಕೂ ಬೇರೆ ಬೇರೆ ನಿಯಮ ಬರೆದಿರೋದೇ ಅವು ಬೇರೆ ಆಗಿರೋದಕ್ಕೆ.

164ರಲ್ಲಿ ಇಲಾಖೆ ಒಪ್ಪಿಕೊಳ್ಳೋದು ಇಷ್ಟು: ನಮಗೆ ಆಗಬೇಕಾದ ಕೆಲಸ ಗೊತ್ತು, ಅದನ್ನ ಯಾವ ದಾರಿಯಲ್ಲಿ ಮಾಡಬೇಕು ಅನ್ನೋದನ್ನ ಬಿಡ್ಡುದಾರರ ಜೊತೆ ಮಾತಾಡದೆ ಬರೆಯೋಕೆ ಆಗಲ್ಲ. ತಂತ್ರಜ್ಞಾನ ಅಥವಾ ಮಾರುಕಟ್ಟೆ ಬೇಗ ಬದಲಾಗೋ ವಸ್ತು ಇದ್ದಾಗ, ಸಂಶೋಧನೆ ಇಲ್ಲವೇ ಪ್ರಯೋಗದ ಒಪ್ಪಂದ ಇದ್ದಾಗ, ಬಿಡ್ಡುದಾರರೇ ವಿವರವಾಗಿ ಸರ್ವೆ ಮಾಡಿ ಅಪಾಯ, ಖರ್ಚು ಅಂದಾಜು ಮಾಡಬೇಕಾದಾಗ ಕೂಡ ಈ ದಾರಿ ಹಿಡಿಯಬಹುದು.

ನಡೆಯೋ ರೀತಿ ಹೀಗೆ. ಮೊದಲ ಹಂತದಲ್ಲಿ ಎಲ್ಲರಿಗೂ ಬಹಿರಂಗ ಜಾಹೀರಾತು. ಬಿಡ್ಡುದಾರ ತನ್ನ ತಾಂತ್ರಿಕ ಪ್ರಸ್ತಾವ, ಷರತ್ತುಗಳ ಬಗ್ಗೆ ತನ್ನ ಮಾತು ಕೊಡ್ತಾನೆ, ದರ ಇಲ್ಲದೆ. ಸಮಿತಿ ಅವನ್ನ ಪರಿಶೀಲಿಸ್ತದೆ. ಬೇಕಾದರೆ ಚರ್ಚೆಗೆ ಕರೀತದೆ, ಕರೆದರೆ ಎಲ್ಲರಿಗೂ ಸಮಾನ ಅವಕಾಶ ಕೊಡಲೇಬೇಕು. ಚರ್ಚೆ ಮುಗಿದ ಮೇಲೆ ಇಲಾಖೆ ಸ್ಪೆಸಿಫಿಕೇಶನ್, ಮೌಲ್ಯಮಾಪನದ ಮಾನದಂಡ ತಿದ್ದಬಹುದು, ಸೇರಿಸಬಹುದು, ತೆಗೀಬಹುದು. ಆದರೆ ಸಂಗ್ರಹಣೆಯ ಮೂಲ ಸ್ವರೂಪ ಬದಲಿಸೋ ಹಾಗಿಲ್ಲ. ನೀರಿನ ಘಟಕಕ್ಕೆ ಕರೆದು ಕೊನೆಗೆ ಟ್ಯಾಂಕರ್ ಪೂರೈಕೆ ಮಾಡ್ರಿ ಅನ್ನೋ ಹಾಗಿಲ್ಲ. ಆಮೇಲೆ ಎರಡನೇ ಹಂತ: ಮೊದಲ ಹಂತದಲ್ಲಿ ತಿರಸ್ಕೃತರಾಗದ ಎಲ್ಲರಿಗೂ ತಿದ್ದಿದ ದಾಖಲೆ ಹೋಗ್ತದೆ, ಅದರ ಮೇಲೆ ಅವರು ಅಂತಿಮ ಬಿಡ್ ಮತ್ತು ದರ ಕೊಡ್ತಾರೆ.

ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್‌ಸಿಟ್ರಾಲ್ 2011ರಲ್ಲಿ ಹೊರಡಿಸಿದ ಮಾದರಿ ಕಾನೂನಿನ 48ನೇ ವಿಧಿಯಲ್ಲೂ ಹೆಚ್ಚು ಕಡಿಮೆ ಇದೇ ಕ್ರಮ ಇದೆ. ಇದು ಯಾರೋ ಒಬ್ಬ ಅಧಿಕಾರಿ ತಲೆಗೆ ಹೊಳೆದ ಹೊಸ ಪದ್ಧತಿ ಅಲ್ಲ.

ಶೋರಾಪುರ_ನೀರಗಂಟಿ

ಸರ್, ಈಗ ತಿಳೀತು. ಆದ್ರ ನನ್ನ ಡಿಸೈನ್ ವಿಷಯ?

ಬೀದರ_ಸಪ್ಲೈಯರ್

ನಾ ಲ್ಯಾಬ್ ಉಪಕರಣದ ಟೆಂಡರ್‌ದಾಗ ಒಮ್ಮೆ ಇಂಥಾದ್ದರಾಗ ಇದ್ದೆ. ಆ ಭಯ ಸುಳ್ಳಲ್ಲ ತಮ್ಮಾ. ನಮ್ಮ ಪ್ರಸ್ತಾವದಾಗಿನ ಒಂದು ಸಾಲು ಹಂಗೇ ತಿದ್ದಿದ ಡಾಕ್ಯುಮೆಂಟ್‌ನ್ಯಾಗ ಬಂತು. ಆದ್ರ ಅದರಿಂದ ನಮಗ ಲುಕ್ಸಾನ್ ಆಗಲಿಲ್ಲ, ಯಾಕಂದ್ರ ನಾವು ಬರೆದದ್ದು ಫಲಿತಾಂಶ: ಇಷ್ಟು ನಿಖರತೆ, ಇಷ್ಟು ತಾಪಮಾನದಾಗ, ಇಷ್ಟು ಹೊತ್ತು. ಅದನ್ನ ಹ್ಯಾಂಗ ಸಾಧಿಸ್ತೀವಿ ಅನ್ನೋದು ನಮ್ಮ ಕಡೇನೇ ಉಳೀತು.

ನೀ ಹಂಗೇ ಮಾಡು. ಫ್ಲೋರೈಡ್ ಎಷ್ಟರಿಂದ ಎಷ್ಟಕ್ಕ ಇಳಿಸ್ತೀ, ಎಷ್ಟು ನೀರು ವೇಸ್ಟ್ ಹೋಗ್ತದ, ಸಾವಿರ ಲೀಟರ್‌ಗೆ ಕರೆಂಟ್ ಎಷ್ಟು, ಎಷ್ಟು ತಿಂಗಳಿಗೊಮ್ಮೆ ನೀರು ಸೋಸೋ ಮೀಡಿಯಾ ಬದಲು. ಇವನ್ನ ಬಿಚ್ಚಿ ಹೇಳು. ಒಳಗಿನ ಪೈಪ್ ಡ್ರಾಯಿಂಗ್, ನೀ ಎಲ್ಲಿಂದ ಮಾಲು ತರ್ತಿ, ಯಾವ ಕೆಮಿಕಲ್ ಎಷ್ಟು ಹಾಕ್ತಿ, ಆ ಹಾಳಿ ಮ್ಯಾಲ ‘ಗೌಪ್ಯ’ ಅಂತ ಬರೆದು ಬ್ಯಾರೆ ಫೈಲ್ ಮಾಡಿ ಹಾಕು.

ನಿವೃತ್ತ_ಎಇಇ_ಕಲಬುರಗಿ

ಬೀದರದವರು ಹೇಳಿದ್ದು ಸರಿಯಾಗಿದೆ. ಗೌಪ್ಯ ಅಂತ ಬರೆಯೋದು ಬರೀ ಸಮಾಧಾನಕ್ಕಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ)ಯಲ್ಲಿ ವಾಣಿಜ್ಯ ಗೌಪ್ಯತೆ, ವ್ಯಾಪಾರ ರಹಸ್ಯಕ್ಕೆ ರಕ್ಷಣೆ ಇದೆ. ಯಾವ ಹಾಳೆ ಗೌಪ್ಯ ಅಂತ ನೀವೇ ಗುರುತು ಮಾಡದಿದ್ದರೆ ನಾಳೆ ಕಚೇರಿಯವರು ಹ್ಯಾಗೆ ತಿಳ್ಕೊಬೇಕು?

ಇಲಾಖೆ ಕಡೆಯಿಂದಲೂ ಒಂದು ಮಾತು. ಒಬ್ಬ ಬಿಡ್ಡುದಾರನ ಕ್ಯಾಟಲಾಗ್‌ನ ಅಳತೆ, ಮಾಡೆಲ್ ಎತ್ತಿ ತಿದ್ದಿದ ಸ್ಪೆಸಿಫಿಕೇಶನ್‌ಗೆ ಹಾಕಿದರೆ ಎರಡು ಹಂತ ಮಾಡಿದ್ದರ ಅರ್ಥವೇ ಹೋಯ್ತು. ಕೆಲಸ ಆಗಬೇಕಾದ ರೀತಿ ಬರೆಯಬೇಕು, ಮಷೀನಿನ ಬಣ್ಣ, ಅಳತೆ ಬರೆಯಬಾರದು.

ಆಳಂದ_ನಾಕಾ

ನಾನು ಗುತ್ತಿಗೆದಾರ ಅಲ್ಲ, ತೆರಿಗೆ ಕಟ್ಟುವ ಮನುಷ್ಯ. ಈ ಚರ್ಚೆ ಓದಿ ಒಂದು ಆತಂಕ ಆಯ್ತು, ಹೇಳಿಬಿಡ್ತೀನಿ. ಅಧಿಕಾರಿಗಳು, ಬಿಡ್ಡುದಾರರು ಮುಚ್ಚಿದ ಬಾಗಿಲ ಹಿಂದೆ ಕೂತು ಚರ್ಚೆ ಮಾಡೋದು, ಆಮೇಲೆ ಸ್ಪೆಸಿಫಿಕೇಶನ್ ಬದಲಿಸೋದು. ಬೇಕಾದವರಿಗೆ ಹೊಂದುವ ಹಾಗೆ ಬದಲಿಸೋದಕ್ಕೆ ಇದಕ್ಕಿಂತ ಸುಲಭದ ದಾರಿ ಯಾವುದಿದೆ? ಎರಡು ಕವರ್‌ನಲ್ಲಿ ಆ ಅವಕಾಶವಾದರೂ ಇರಲಿಲ್ಲ. ಮೇಲಾಗಿ ನಮ್ಮ ಭಾಗಕ್ಕೆ 371(ಜೆ) ವಿಶೇಷ ಸ್ಥಾನಮಾನ ಬಂದ ಮೇಲೆ ಅನುದಾನ ಬರ್ತಿದೆ, ಮಂಡಳಿ ಇದೆ. ಕೆಲಸ ಆಗೋದು ತಡ ಆಗ್ತಿದೆ ಅನ್ನೋದೇ ನಮ್ಮ ಕೊರಗು. ಇನ್ನೂ ಒಂದು ಹಂತ ಸೇರಿಸಿದರೆ ಮಾರ್ಚ್ ಮುಗಿದೇ ಹೋಗ್ತದೆ.

ನಿವೃತ್ತ_ಎಇಇ_ಕಲಬುರಗಿ

ನಿಮ್ಮ ಎರಡೂ ಮಾತಿಗೆ ತೂಕ ಇದೆ. ಮೊದಲು ತಡದ ವಿಷಯ. ಶಾಲೆ ಕೊಠಡಿ, ಸಿಸಿ ರಸ್ತೆ, ಚರಂಡಿ, ಕಾಂಪೌಂಡು, ಇಂಥ ಕೆಲಸಕ್ಕೆ ಎರಡು ಹಂತ ಬೇಡವೇ ಬೇಡ. ನಮ್ಮ ಎರೆ ಭೂಮಿಯಲ್ಲಿ ಬುನಾದಿ ಹೇಗೆ ಹಾಕಬೇಕು ಅನ್ನೋದು ಇಲ್ಲಿನ ಯಾವ ಎಂಜಿನಿಯರಿಗೂ ಗೊತ್ತು, ಎಸ್‌ಆರ್ ದರ (ಇಲಾಖೆಯ ನಿಗದಿತ ದರಪಟ್ಟಿ) ಇದೆ, ಡ್ರಾಯಿಂಗ್ ಇದೆ. ಅಲ್ಲಿ ಬಿಡ್ಡುದಾರರ ಜೊತೆ ಚರ್ಚೆಗೆ ಕೂರ್ತೀನಿ ಅನ್ನೋ ಅಧಿಕಾರಿಯನ್ನ ನಾನೂ ಅನುಮಾನದಿಂದ ನೋಡ್ತೀನಿ.

ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದು ಟೆಂಡರ್ ಕರೆದಾಗ ಏನಾಗ್ತದೆ ಅನ್ನೋದನ್ನೂ ನೋಡಿ. ಹಳ್ಳಿಗಳಲ್ಲಿ ಕೂಡಿಸಿ ಕೆಲವೇ ದಿನಕ್ಕೆ ಬೀಗ ಬಿದ್ದ ನೀರಿನ ಘಟಕಗಳನ್ನ ನೀವೂ ಕಂಡಿದ್ದೀರಿ. ಎಷ್ಟೋ ಕಡೆ ಎಲ್ಲಾ ಊರಿಗೂ ಒಂದೇ ಸ್ಪೆಸಿಫಿಕೇಶನ್. ನೀರು ಮಾತ್ರ ಒಂದೇ ಅಲ್ಲ. ಒಂದೂರಲ್ಲಿ ಫ್ಲೋರೈಡ್, ಪಕ್ಕದೂರಲ್ಲಿ ಗಡಸುತನ, ಇನ್ನೊಂದೂರಲ್ಲಿ ನೈಟ್ರೇಟ್. ಬೇಸಿಗೆಯಲ್ಲಿ ಬೋರ್ ಇಳಿದಾಗ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) ಬೇರೆ. ತಡ ಆಗಬಾರದು ಅಂತ ಹಳೇ ಡಾಕ್ಯುಮೆಂಟ್ ಎತ್ತಿ ಹೆಸರು ಬದಲಿಸಿ ಕರೆದದ್ದಕ್ಕೆ ಸಿಕ್ಕ ಫಲ ಅದು. ಆ ಬೀಗದ ಮುಂದೆ ಕೊಡ ಹಿಡಿದು ವಾಪಸ್ ಹೋಗೋ ಹೆಣ್ಣುಮಕ್ಕಳನ್ನ ನೋಡಿದವನು ನಾನು. ಅದಕ್ಕೇ ಇಷ್ಟು ಹೇಳ್ತಿದ್ದೀನಿ.

ಇನ್ನು ಮುಚ್ಚಿದ ಬಾಗಿಲು. ಮೊದಲ ಹಂತದಲ್ಲಿ ದರ ಇರಲ್ಲ, ದರದ ಮಾತೂ ಇರಬಾರದು. ದರದ ಚೌಕಾಶಿ ಬೇರೆಯೇ ವಿಷಯ. ಟೆಂಡರ್ ತೆರೆದ ಮೇಲೆ ಚೌಕಾಶಿ ಬೇಡ, ತೀರಾ ಅಪರೂಪಕ್ಕೆ ಎಲ್‌1, ಅಂದರೆ ಎಲ್ಲರಿಗಿಂತ ಕಡಿಮೆ ದರ ಕೊಟ್ಟವರ ಜೊತೆ ಮಾತ್ರ ಅಂತ ಕೇಂದ್ರ ಜಾಗೃತ ಆಯೋಗ 2007ರಲ್ಲೇ ಸುತ್ತೋಲೆ ಹೊರಡಿಸಿದೆ. ಮೊದಲ ಹಂತದ ಚರ್ಚೆ ತಾಂತ್ರಿಕ ವಿಷಯಕ್ಕಷ್ಟೇ. ಒಬ್ಬರೇ ಅಧಿಕಾರಿ ಕೂರಬಾರದು, ಸಮಿತಿ ಕೂರಬೇಕು, ಪ್ರತಿ ಸಭೆಗೂ ನಡವಳಿ ಬರೀಬೇಕು. ಸ್ಪೆಸಿಫಿಕೇಶನ್‌ನ ಯಾವ ಸಾಲು ಬದಲಾಯ್ತು, ಯಾಕೆ ಬದಲಾಯ್ತು ಅನ್ನೋದು ಫೈಲಿನಲ್ಲಿ ಇರಬೇಕು. ಅದು ಇಲ್ಲದಿದ್ದರೆ ನಿಮ್ಮ ಆತಂಕ ಪೂರ್ತಿ ನಿಜ ಆಗ್ತದೆ. ಕೆಲಸ ವಹಿಸಿದ ಮೇಲೆ ಆ ನಡವಳಿಯನ್ನ, ತುಲನಾತ್ಮಕ ಪಟ್ಟಿಯನ್ನ ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮಂಥವರು ಕೇಳಬೇಕು.

ಆಳಂದ_ನಾಕಾ

ಒಪ್ಪಿದೆ. ಆದರೂ ಯಾವ ಕೆಲಸಕ್ಕೆ ಎರಡು ಹಂತ ಅಂತ ಆಯ್ಕೆ ಮಾಡೋದು ಅಧಿಕಾರಿಯೇ ಅಲ್ಲವೇ? ಆ ಆಯ್ಕೆಗೆ ಕಾರಣ ಜಾಹೀರಾತಿನ ಜೊತೆಗೇ ಪ್ರಕಟ ಮಾಡಿದರೆ ಜನರಿಗೆ ನಂಬಿಕೆ ಬರ್ತದೆ. ಫೈಲಿನೊಳಗೆ ಬರೆದಿಟ್ಟರೆ ಯಾರಿಗೆ ಕಾಣ್ತದೆ?

ನಿವೃತ್ತ_ಎಇಇ_ಕಲಬುರಗಿ

ಈ ಮಾತಿಗೆ ನನ್ನ ಪೂರ್ತಿ ಸಹಮತ. ಪ್ರಕಟ ಮಾಡಬೇಕು.

ಚಿತ್ತಾಪುರ_ಬಿಇ

ಕಲಬುರಗಿ 24 ಗಂಟೆ ನೀರಿನ ಯೋಜನೆ ಕೂಡ ಹೀಗೇ ಟೆಂಡರ್ ಆಗಿತ್ತಾ ಸರ್? ಕಾಲೇಜಿನಲ್ಲಿ ಪ್ರಾಜೆಕ್ಟ್‌ಗೆ ಓದ್ತಿದ್ದೀನಿ.

ನಿವೃತ್ತ_ಎಇಇ_ಕಲಬುರಗಿ

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ಮೊದಲು ಪ್ರಾಯೋಗಿಕವಾಗಿ ಬಂದದ್ದು ವಿಶ್ವಬ್ಯಾಂಕ್ ನೆರವಿನಿಂದ. ಅಂಥ ಯೋಜನೆಗಳಲ್ಲಿ ಬ್ಯಾಂಕಿನ ಸಂಗ್ರಹಣಾ ನಿಯಮಾವಳಿ ನಡೀತದೆ, ಅದರಲ್ಲಿ ಒಂದು ಹಂತ-ಎರಡು ಲಕೋಟೆಯೂ ಇದೆ, ಎರಡು ಹಂತವೂ ಇದೆ. ನಿಮ್ಮ ಪ್ರಾಜೆಕ್ಟ್‌ಗೆ ಆ ಯೋಜನೆಯ ಟೆಂಡರ್ ದಾಖಲೆಯನ್ನೇ ತೆಗೆದು ನೋಡಿ, ಬೇರೆಯವರ ಮಾತಿನ ಮೇಲೆ ಬರೀಬೇಡಿ.

ಲೆಕ್ಕದಕ್ಕ

ನಾನು ಸೂಪರ್ ಮಾರ್ಕೆಟ್ ಹತ್ರ ಟೆಂಡರ್ ಕಾಗದ, ಜಿಎಸ್‌ಟಿ ಕೆಲಸ ಮಾಡ್ತೀನಿ. ಇಎಂಡಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕ ಬರೀತಿದ್ದೀನಿ.

ಅಣ್ಣಾ, ಇಎಂಡಿ ಯಾವ ಹಂತದಾಗ ಅನ್ನೋದು ನಿಮ್ಮ ಡಾಕ್ಯುಮೆಂಟ್‌ದಾಗ ಇರ್ತದ, ಅದೇ ಪ್ರಮಾಣ. ನೀವು ತಿಳ್ಕೊಬೇಕಾದ ಹಕ್ಕು ಒಂದದ. ಮೊದಲ ಹಂತ ಮುಗಿದು ಸ್ಪೆಸಿಫಿಕೇಶನ್ ತಿದ್ದಿದ ಮ್ಯಾಲ, ಆ ಹೊಸ ಷರತ್ತಿನ ಪ್ರಕಾರ ಮಾಡಕ್ಕ ನಿಮಗ ಆಗಲ್ಲ ಅಂದ್ರ ನೀವು ಹಿಂದ ಸರೀಬಹುದು, ಬಿಡ್ ಭದ್ರತಾ ಠೇವಣಿ ಮುಟ್ಟುಗೋಲು ಆಗಂಗಿಲ್ಲ. 164ನೇ ನಿಯಮದಾಗೇ ಅದ. ಎರಡು ಕವರ್‌ದಾಗ ವ್ಯಾಲಿಡಿಟಿ ಮುಗಿಯೋಕಿಂತ ಮೊದಲು ಹಿಂದ ಸರಿದ್ರ ಇಎಂಡಿ ಹೋಯ್ತು ಅಂತಾನೇ ಲೆಕ್ಕ. ಸಣ್ಣವರಿಗೆ ಇದು ದೊಡ್ಡ ಫರಕು.

ನಿಮಗ ಉದ್ಯಮ್ ನೋಂದಣಿ ಅದ ಏನು? ಸೂಕ್ಷ್ಮ, ಸಣ್ಣ ಉದ್ಯಮಕ್ಕ ಜಿಎಫ್‌ಆರ್ 170ನೇ ನಿಯಮದಾಗ ಇಎಂಡಿ ವಿನಾಯಿತಿ ಅದ. 2012ರ ಎಂಎಸ್‌ಇ ಖರೀದಿ ನೀತಿ ಪ್ರಕಾರ ಕೇಂದ್ರದ ಇಲಾಖೆ, ಉದ್ದಿಮೆಗಳು ವರ್ಷದ ಖರೀದಿಯಾಗ ಕನಿಷ್ಠ ಶೇ. 25 ಇಂಥವರ ಕಡೆಯಿಂದ ತಗೊಬೇಕು. ಅದರಾಗ ಶೇ. 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಕ್ಕ, ಶೇ. 3 ಹೆಣ್ಣುಮಕ್ಕಳ ಉದ್ಯಮಕ್ಕ. ಆದ್ರ ಇಲ್ಲೇ ಭಾಳ ಮಂದಿ ಎಡವೋದು: ಈ ನೀತಿ ಸರಕು ಮತ್ತ ಸೇವೆಗೆ ಮಾತ್ರ. ಟೆಂಡರ್‌ನ ‘ಕಾಮಗಾರಿ’ ಅಂತ ಕರೆದಿದ್ರ ಇದು ಅನ್ವಯ ಆಗಲ್ಲ. ಬರೇ ಮಾಲು ತಂದು ಮಾರೋ ಟ್ರೇಡರ್‌ಗೂ ಇಲ್ಲ. ನಿಮ್ಮದರಾಗ ಶೆಡ್ ಕಟ್ಟೋದು, ಪೈಪ್‌ಲೈನ್, ಮಷೀನು, ಐದು ವರ್ಷ ನಡೆಸೋದು ಎಲ್ಲಾ ಕೂಡ್ಯದ. ಅವರು ಇದನ್ನ ಯಾವ ವರ್ಗಕ್ಕ ಹಾಕ್ಯಾರ ಅಂತ ಮೊದಲೇ ಬರವಣಿಗೆಯಾಗ ಕೇಳ್ರಿ.

ಭಾಲ್ಕಿ_ಸಿವಿಲ್

ಅಕ್ಕಾರ, ಟೆಕ್ನಿಕಲ್‌ದಾಗ ರಿಜೆಕ್ಟ್ ಆಗೋದರ ಬಗ್ಗೆ ಸ್ವಲ್ಪ ಬರೀರಿ. ಹೋದ ಸಲ ಒಂದು ಇಲಾಖೆಯಾಗ ನನ್ನ ಬಿಡ್ ‘ಬಿಡ್ ಕೆಪಾಸಿಟಿ ಇಲ್ಲ’ ಅಂತ ಹೊರಗ ಹಾಕಿದ್ರು. ಟರ್ನೋವರ್ ಬೇಕಾದಷ್ಟಿತ್ತು. ದರ ತೆಗೆದಾಗ ನೋಡಿದ್ರ ಎಲ್‌1 ಆದವರಿಗಿಂತ ನಂದೇ ಕಡಿಮಿ ಇತ್ತು. ಹೊಟ್ಟಿ ಉರೀತದ.

ಲೆಕ್ಕದಕ್ಕ

ಅಣ್ಣಾವ್ರೇ, ಟರ್ನೋವರ್ ಬೇರೆ, ಬಿಡ್ ಕೆಪಾಸಿಟಿ ಬೇರೆ. ರಾಜ್ಯದ ಕೆಡಬ್ಲ್ಯು-4 ಅನ್ನೋ ಕಾಮಗಾರಿ ಟೆಂಡರ್‌ನ ಮಾದರಿ ದಾಖಲೆಯಾಗ ಸೂತ್ರ ಇರ್ತದ: ಎ ಗುಣಿಸು ಎನ್ ಗುಣಿಸು 1.5, ಅದರಾಗ ಬಿ ಕಳೀಬೇಕು. ಎ ಅಂದ್ರ ಹಿಂದಿನ ಐದು ವರ್ಷದಾಗ ಯಾವುದಾದ್ರೂ ಒಂದು ವರ್ಷ ನೀವು ಮಾಡಿದ ಗರಿಷ್ಠ ಕೆಲಸದ ಮೊತ್ತ, ಇವತ್ತಿನ ದರಕ್ಕ ಏರಿಸಿದ್ದು. ಎನ್ ಅಂದ್ರ ಈ ಕೆಲಸ ಮುಗಿಸಕ್ಕ ಕೊಟ್ಟ ಅವಧಿ, ವರ್ಷದ ಲೆಕ್ಕದಾಗ. ಬಿ ಅಂದ್ರ ಅದೇ ಅವಧಿಯಾಗ ನೀವು ಮುಗಿಸಬೇಕಾದ, ಈಗ ಕೈಯಾಗಿರೋ ಕೆಲಸದ ಮೊತ್ತ.

ಉದಾಹರಣೆಗೆ ನಿಮ್ಮ ಎ 80 ಲಕ್ಷ. ಅವಧಿ ಆರು ತಿಂಗಳು, ಅಂದ್ರ ಎನ್ 0.5. ಕೈಯಾಗಿನ ಕೆಲಸ 20 ಲಕ್ಷ. 80 ಗುಣಿಸು 0.5 ಗುಣಿಸು 1.5 ಅಂದ್ರ 60. ಅದರಾಗ 20 ಹೋದ್ರ 40 ಲಕ್ಷ. ನೀವು 55 ಲಕ್ಷದ ಕೆಲಸಕ್ಕ ಹಾಕಿದ್ರ ಟರ್ನೋವರ್ ಕೋಟಿ ಇದ್ರೂ ಹೊರಗ. ಅವಧಿ ಕಮ್ಮಿ ಇದ್ದಷ್ಟು ಕೆಪಾಸಿಟಿ ಕಮ್ಮಿ ಬರ್ತದ, ಈ ಸೂಕ್ಷ್ಮ ಮಂದಿ ನೋಡಲ್ಲ. ಟೆಂಡರ್ ಹಾಕೋ ಮೊದಲೇ ಒಂದು ಹಾಳಿ ಮ್ಯಾಲ ಈ ಲೆಕ್ಕ ಮಾಡಬೇಕು.

ಆ ಲೆಕ್ಕ ಸರಿ ಇದ್ದೂ ರಿಜೆಕ್ಟ್ ಮಾಡಿದ್ರ ಕೆಟಿಪಿಪಿ 16ನೇ ಪ್ರಕರಣದಾಗ ಮೇಲ್ಮನವಿ ಅದ. ಆದೇಶ ಕೈ ಸೇರಿದ 30 ದಿನದೊಳಗ ಹಾಕಬೇಕು. ಯಾರ ಮುಂದೋ ಹೇಳಿ ಹೊಟ್ಟಿ ಉರಿಸ್ಕೊಂಡ್ರ ದಿನ ಕಳೀತಾವ ಅಷ್ಟೇ. ಕಾಗದ ಕಮ್ಮಿ ಬಿದ್ದಾಗಿನ ಮಾತು ಬೇರೆ. ಕೇಂದ್ರದ ಸಂಗ್ರಹಣಾ ಕೈಪಿಡಿ ಪ್ರಕಾರ, ಬಿಡ್ ತೆರೆಯೋ ಹೊತ್ತಿಗೆ ಮೊದಲೇ ಇದ್ದು, ಆಮ್ಯಾಲ ಬದಲಾಗದ ಹಳೇ ದಾಖಲೆಯನ್ನ ಸಮಿತಿ ಕೇಳಿ ತರಿಸ್ಕೋಬಹುದು. ಹಳೇ ವರ್ಕ್ ಆರ್ಡರ್ ಒಂದು ಅಪ್‌ಲೋಡ್ ಆಗಿಲ್ಲ ಅಂದ್ರ ಅದು ನಡೀತದ. ಬಿಡ್ ತೆರೆದ ಮ್ಯಾಲ ಹೊಸದಾಗಿ ಮಾಡಿಸಿದ ಸರ್ಟಿಫಿಕೇಟ್ ನಡೆಯಂಗಿಲ್ಲ.

ಭಾಲ್ಕಿ_ಸಿವಿಲ್

ಈ ಲೆಕ್ಕ ನನಗ ಇಷ್ಟು ಸ್ಪಷ್ಟ ಯಾರೂ ಹೇಳಿರಲಿಲ್ಲ ಅಕ್ಕಾರ. ಆ ಟೆಂಡರ್‌ದಾಗ ಅವಧಿ ಬರೇ ನಾಲ್ಕು ತಿಂಗಳಿತ್ತು.

ಬೀದರ_ಸಪ್ಲೈಯರ್

ನೀರಗಂಟಿಯವರ ಟೆಂಡರ್‌ಗೆ ಮರಳೋಣ. ಮೊದಲ ಹಂತದ ಚರ್ಚೆಯಾಗ ಏನು ಎತ್ತಬೇಕು ಅನ್ನೋದು ಮುಖ್ಯ. ಅಲ್ಲಿ ಸುಮ್ನಿದ್ದು ಎರಡನೇ ಹಂತದಾಗ ಕೊರಗಿದ್ರ ಕೇಳೋರು ಯಾರೂ ಇಲ್ಲ, ಯಾಕಂದ್ರ ತಿದ್ದಿದ ದಾಖಲೆ ಬಂದ ಮ್ಯಾಲ ಅದೇ ಕಡೆ.

ನನ್ನ ಅನುಭವದಾಗ ಬಿಸಿಲು ದೊಡ್ಡ ವಿಷಯ. ಪ್ಯಾನೆಲ್ ಬೋರ್ಡ್, ಡ್ರೈವ್ ಇವಕ್ಕೆಲ್ಲಾ ಸಾಮಾನ್ಯವಾಗಿ ಸುತ್ತಲಿನ ತಾಪಮಾನ 40 ಡಿಗ್ರಿ ಅಂತ ಇಟ್ಟು ಲೆಕ್ಕ ಹಾಕಿರ್ತಾರ. ನಮ್ಮಲ್ಲಿ ಏಪ್ರಿಲ್-ಮೇದಾಗ ಹೊರಗೇ 43 ದಾಟ್ತದ, ತಗಡಿನ ಶೆಡ್ಡಿನ ಒಳಗ ಅದಕ್ಕೂ ಮ್ಯಾಲ. ಮಧ್ಯಾಹ್ನ ಪ್ಯಾನೆಲ್ ಬಾಗಲು ತೆಗೆದು ಟೇಬಲ್ ಫ್ಯಾನ್ ಹಚ್ಚಿ ಮಷೀನು ನಡೆಸೋದು ನೋಡೀನಿ. ‘50 ಡಿಗ್ರಿಯಾಗ ಪೂರ್ಣ ಲೋಡಿನ ಮ್ಯಾಲ ನಡೀಬೇಕು’ ಅಂತ ಒಂದು ಸಾಲು ಸೇರಿಸ್ರಿ ಅಂತ ಚರ್ಚೆಯಾಗ ಕೇಳು. ಹಂಗ ಸೇರಿಸಿದ್ರ ಎಲ್ಲರ ದರಾನೂ ಆ ಮಟ್ಟದ ಮಾಲಿಗೇ ಬರ್ತದ. ಸೇರಿಸಲಿಲ್ಲ ಅಂದ್ರ ನೀ ಒಳ್ಳೇ ಪ್ಯಾನೆಲ್ ಹಾಕಿ ಎಲ್‌3 ಆಗ್ತಿ.

ನಿವೃತ್ತ_ಎಇಇ_ಕಲಬುರಗಿ

ಅದ್ಭುತವಾಗಿ ಹೇಳಿದಿರಿ. ಇದೇ ಮೊದಲ ಹಂತದ ತಿರುಳು. ಒಬ್ಬ ಬಿಡ್ಡುದಾರನಿಗೆ ಗೊತ್ತಿರೋ ಸತ್ಯ ಎಲ್ಲರ ಮೇಲೂ ಸಮಾನ ಷರತ್ತಾಗಿ ಬಂದರೆ, ಒಳ್ಳೆ ಮಾಲು ಹಾಕೋನಿಗೆ ಶಿಕ್ಷೆ ಆಗಲ್ಲ.

ಫ್ಲೋರೈಡ್ ವಿಷಯದಲ್ಲಿ ನಾನು ಇನ್ನಷ್ಟು ಸೇರಿಸ್ತೀನಿ. ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ನಿಮ್ಮ ದಾಖಲೆ ಯಾವ ಅಂಕಿ ಹಿಡಿದಿದೆ, ಅದು ಮೊದಲು ಸ್ಪಷ್ಟ ಆಗಬೇಕು. 1.0 ಮತ್ತು 1.5ರ ನಡುವೆ ಖರ್ಚಿನ ವ್ಯತ್ಯಾಸ ದೊಡ್ಡದು.

ದಾರಿಗಳು ಹಲವು. ಆರ್‌ಓ ಹಾಕಿದರೆ ಫ್ಲೋರೈಡ್ ಜೊತೆ ಟಿಡಿಎಸ್ ಕೂಡ ಇಳೀತದೆ, ಆದರೆ ರಿಜೆಕ್ಟ್ ನೀರು ಹೊರಗೆ ಹೋಗ್ತದೆ, ಗಡಸು ನೀರಾದರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ತದೆ. ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನೋ, ಫ್ಲೋರೈಡ್ ಹೀರೋ ವಸ್ತು ಹಾಕಿದರೆ ನೀರು ಅಷ್ಟು ವ್ಯರ್ಥ ಆಗಲ್ಲ, ಆದರೆ ನೀರಿನ ಕ್ಷಾರತೆ ಹೆಚ್ಚಿದ್ದರೆ ಅದರ ಹೀರುವ ಶಕ್ತಿ ಇಳೀತದೆ, ಆಗಾಗ ಕಾಸ್ಟಿಕ್ ಹಾಕಿ ತೊಳೀಬೇಕು, ಆ ತೊಳೆದ ನೀರನ್ನ ಎಲ್ಲಿ ಬಿಡೋದು ಅನ್ನೋ ಪ್ರಶ್ನೆ ಇದೆ. ನಮ್ಮ ಪಕ್ಕದ ತೆಲಂಗಾಣದ ಊರಿನ ಹೆಸರಲ್ಲೇ ನಲ್ಗೊಂಡ ವಿಧಾನ ಇದೆ, ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ) ಸಂಸ್ಥೆಯವರು ರೂಪಿಸಿದ್ದು. ಪಟಿಕ, ಸುಣ್ಣ ಹಾಕಿ ಕೆಸರಾಗಿ ಇಳಿಸೋದು. ಅಗ್ಗ, ಆದರೆ ದಿನಾ ನೋಡ್ಕೊಳ್ಳೋ ಮನುಷ್ಯ ಬೇಕು. ಈ ಮೂರನ್ನೂ ಒಂದೇ ಬಿಒಕ್ಯೂದಲ್ಲಿ ಹ್ಯಾಗೆ ಬರೀತಾರೆ ಹೇಳಿ? ಆ ಸಂಸ್ಥೆಯವರು ಬರೆದಿಲ್ಲ, ಕೇಳ್ತಿದ್ದಾರೆ. ಅದಕ್ಕೇ ಅವರ ಟೆಂಡರ್ ನನಗೆ ಮೆಚ್ಚುಗೆ ಆಯ್ತು.

ಆದ್ದರಿಂದ ಚರ್ಚೆಯಲ್ಲಿ ಕಡ್ಡಾಯವಾಗಿ ಕೇಳಬೇಕಾದ್ದು: ಎರಡನೇ ಹಂತದಲ್ಲಿ ದರ ಹೋಲಿಸೋದು ಹ್ಯಾಗೆ? ಬರೀ ಮಷೀನಿನ ದರಕ್ಕೋ, ಐದು ವರ್ಷ ನಡೆಸೋ ಖರ್ಚು ಸೇರಿಸಿಯೋ? ಲೆಕ್ಕಕ್ಕೆ ಅಂತ ಅಂಕಿ ಹಿಡಿಯೋಣ. ಒಬ್ಬರ ಘಟಕ 18 ಲಕ್ಷ, ವರ್ಷಕ್ಕೆ ನಡೆಸೋ ಖರ್ಚು 6 ಲಕ್ಷ. ಇನ್ನೊಬ್ಬರದು 26 ಲಕ್ಷ, ವರ್ಷಕ್ಕೆ 3 ಲಕ್ಷ. ಮಷೀನಿನ ದರ ಮಾತ್ರ ನೋಡಿದರೆ ಮೊದಲನೆಯವರು ಎಲ್‌1. ಐದು ವರ್ಷಕ್ಕೆ ಮೊದಲನೆಯದು 48 ಲಕ್ಷ, ಎರಡನೆಯದು 41 ಲಕ್ಷ. ಹೋಲಿಕೆಯ ವಿಧಾನ ಎರಡನೇ ಹಂತದ ದಾಖಲೆಯಲ್ಲಿ ಅಂಕಿ ಸಮೇತ ಬರದಿದ್ದರೆ ಮೊದಲ ಹಂತದ ಶ್ರಮವೆಲ್ಲಾ ನೀರಲ್ಲಿ ಹೋಮ.

ಶೋರಾಪುರ_ನೀರಗಂಟಿ

ಸರ್, ಕರೆಂಟ್ ಬಿಲ್ ಅವರು ಕಟ್ತಾರ ಅಂತ ಡಾಕ್ಯುಮೆಂಟ್‌ದಾಗ ಅದ. ಹಂಗಾದ್ರ ಕರೆಂಟ್ ಹೆಚ್ಚು ತಿನ್ನೋ ಮಷೀನು ಹಾಕಿದವರಿಗೇ ಲಾಭ ಅಲ್ಲೇನ್ರಿ?

ನಿವೃತ್ತ_ಎಇಇ_ಕಲಬುರಗಿ

ಬರೋಬ್ಬರಿ ಹಿಡಿದಿರಿ. ಸಾವಿರ ಲೀಟರಿಗೆ ಇಷ್ಟು ಯೂನಿಟ್ ಅಂತ ಪ್ರತಿಯೊಬ್ಬರೂ ಖಾತ್ರಿ ಕೊಡಬೇಕು, ಅದನ್ನ ಇವತ್ತಿನ ಜೆಸ್ಕಾಂ ಕರೆಂಟ್ ದರದಿಂದ ಗುಣಿಸಿ ಹೋಲಿಕೆಯ ಮೊತ್ತಕ್ಕೆ ಸೇರಿಸಬೇಕು, ನಡೆಸುವಾಗ ಮೀರಿದರೆ ಬಿಲ್ಲಿನಲ್ಲಿ ಕಡಿತ ಮಾಡಬೇಕು. ಇದನ್ನ ನಿಮ್ಮ ಪ್ರಶ್ನೆಗಳಲ್ಲಿ ಮೊದಲನೆಯದಾಗಿ ಇಡಿ. ರಿಜೆಕ್ಟ್ ನೀರಿಗೂ ಇದೇ ಥರ ಮಿತಿ ಕೇಳಿ.

ಚಿತ್ತಾಪುರ_ಬಿಇ

ಗುಣಮಟ್ಟಕ್ಕೆ ಅಂಕ ಕೊಟ್ಟು ದರದ ಜೊತೆ ಕೂಡಿಸೋದು ಅಂತಾರಲ್ಲ, ಕ್ಯೂಸಿಬಿಎಸ್, ಅದು ಇಲ್ಲಿ ಬರ್ತದಾ?

ನಿವೃತ್ತ_ಎಇಇ_ಕಲಬುರಗಿ

ಬರಬಹುದು, ಆದರೆ ಅದು ಬೇರೆ ವಿಷಯ. ಹಂತ ಎಷ್ಟು ಅನ್ನೋದು ಒಂದು, ಗೆದ್ದವರನ್ನ ಆರಿಸೋ ವಿಧಾನ ಇನ್ನೊಂದು. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಇಲಾಖೆ ಕಾಮಗಾರಿಗಳಿಗೂ ಕ್ಯೂಸಿಬಿಎಸ್‌ಗೆ ಅವಕಾಶ ಕೊಡ್ತು, ದರ ಬಿಟ್ಟು ಉಳಿದದ್ದಕ್ಕೆ ಶೇ. 30ಕ್ಕಿಂತ ಹೆಚ್ಚು ತೂಕ ಇಡಬಾರದು ಅನ್ನೋ ಮಿತಿಯ ಜೊತೆ. ನೀರಗಂಟಿಯವರ ದಾಖಲೆಯಲ್ಲಿ ಹಾಗೆ ಅಂಕದ ಪಟ್ಟಿ ಇಲ್ಲದಿದ್ದರೆ ತಲೆ ಕೆಡಿಸ್ಕೊಬೇಡಿ.

ಶೋರಾಪುರ_ನೀರಗಂಟಿ

ಎಲ್ಲರಿಗೂ ಭಾಳ ಉಪಕಾರ ಆಯ್ತು. ನಾ ಹಾಕೋದು ಖಾತ್ರಿ. ಬಿಡ್ ಹಾಕೋ ಮೊದಲಿನ ಪ್ರಿ-ಬಿಡ್ ಸಭೆಗೆ ಕಳಿಸೋ ಪತ್ರ ಹಿಂಗ ಬರೆದೀನಿ, ನೋಡಿ ತಿದ್ದ್ರಿ:

‘ಮಾನ್ಯರೇ, 1. ಪ್ರತಿ ಸಾವಿರ ಲೀಟರ್ ಶುದ್ಧ ನೀರಿಗೆ ಬಳಸುವ ವಿದ್ಯುತ್ತಿನ ಖರ್ಚನ್ನು ದರ ಹೋಲಿಕೆಯಲ್ಲಿ ಸೇರಿಸಲಾಗುವುದೇ? 2. ಫ್ಲೋರೈಡ್ ಮಿತಿ ಲೀಟರಿಗೆ 1.0 ಮಿಲಿಗ್ರಾಂ ಅಥವಾ 1.5 ಎಂಬುದನ್ನು ಸ್ಪಷ್ಟಪಡಿಸಬೇಕು. 3. ದಾಖಲೆಯಲ್ಲಿ ನೀರಿನ ಪರೀಕ್ಷಾ ವರದಿ ಒಂದೇ ಇದ್ದು, ಅದು ಮಳೆಗಾಲದ್ದು. ಬೇಸಿಗೆಯ ವರದಿಯನ್ನೂ ಎಲ್ಲ ಬಿಡ್ಡುದಾರರಿಗೆ ನೀಡಬೇಕು. 4. ವಿದ್ಯುತ್ ಉಪಕರಣಗಳು 50 ಡಿಗ್ರಿ ತಾಪಮಾನದಲ್ಲಿ ಪೂರ್ಣ ಸಾಮರ್ಥ್ಯದಲ್ಲಿ ನಡೆಯಬೇಕೆಂಬ ಷರತ್ತು ಸೇರಿಸಬೇಕು. 5. ಈ ಟೆಂಡರ್ ಸರಕು ಪೂರೈಕೆಯೇ, ಕಾಮಗಾರಿಯೇ? ಉದ್ಯಮ್ ನೋಂದಣಿ ಇರುವವರಿಗೆ ಇಎಂಡಿ ವಿನಾಯಿತಿ ಇದೆಯೇ? 6. ಗೌಪ್ಯವೆಂದು ಗುರುತಿಸಿದ ಪುಟಗಳನ್ನು ಇತರ ಬಿಡ್ಡುದಾರರಿಗೆ ತೋರಿಸುವುದಿಲ್ಲವೆಂದು ಖಚಿತಪಡಿಸಬೇಕು.’

ನಿವೃತ್ತ_ಎಇಇ_ಕಲಬುರಗಿ

ಮೂರನೇ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಶಹಬ್ಬಾಸ್. ಏಳನೆಯದು ಸೇರಿಸಿ: ರಿಜೆಕ್ಟ್ ನೀರು ಅಥವಾ ಕೆಸರಿನ ವಿಲೇವಾರಿ ಯಾರ ಹೊಣೆ, ಜಾಗ ಎಲ್ಲಿ. ಇದು ಬರೆಯದೆ ಬಿಟ್ಟರೆ ಘಟಕ ಶುರುವಾದ ಮೇಲೆ ಜಗಳ ಅಲ್ಲಿಂದಲೇ ಏಳೋದು. ಹಾಗೇ ಎಲ್ಲರ ಪ್ರಶ್ನೆಗಳಿಗೂ ಉತ್ತರವನ್ನ ಪೋರ್ಟಲ್‌ನಲ್ಲಿ ಪ್ರಕಟಿಸಬೇಕು ಅಂತ ಕೊನೆಗೆ ಒಂದು ಸಾಲು ಬರೀರಿ. ಸಭೆಯಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಕೊರಿಜೆಂಡಮ್ (ತಿದ್ದುಪಡಿ ಪ್ರಕಟಣೆ) ಆಗಿ ಬಂದದ್ದೇ ದಾಖಲೆ.

ಲೆಕ್ಕದಕ್ಕ

ಅಣ್ಣಾ, ಪತ್ರ ಕಳಿಸಕ್ಕ ಕೊನೇ ದಿನ ಸಾಮಾನ್ಯವಾಗಿ ಸಭೆಗಿಂತ ಮೊದಲೇ ಇರ್ತದ, ನೋಡ್ಕೊಳ್ರಿ. ಇನ್ನೊಂದು, ತಾಂತ್ರಿಕ ಪ್ರಸ್ತಾವದ ಜೊತೆ ಹಳೇ ವರ್ಕ್ ಆರ್ಡರ್, ಕಂಪನಿ ಕೊಟೇಶನ್ ಹಚ್ಚುವಾಗ ಹುಷಾರು. ಹಳೇ ಕೆಲಸದ ಮೊತ್ತ ಅನುಭವಕ್ಕಂತ ಅವರೇ ಕೇಳಿರ್ತಾರ, ಅದು ಇರಲಿ. ಈ ಘಟಕಕ್ಕಂತ ತರಿಸಿದ ಮಷೀನಿನ ಕೊಟೇಶನ್ ಅದರಾಗ ಸೇರ್ಕೊಂಡ್ರ ದರ ಬಯಲು ಮಾಡಿದಂಗ ಆಗ್ತದ, ಬಿಡ್ ಅಲ್ಲೇ ರಿಜೆಕ್ಟ್. ಅಪ್‌ಲೋಡ್ ಒತ್ತೋ ಮೊದಲು ಪಿಡಿಎಫ್‌ನ ಒಂದೊಂದು ಪುಟ ತೆರೆದು ನೋಡ್ರಿ. ಡಿಎಸ್‌ಸಿ (ಡಿಜಿಟಲ್ ಸಹಿ) ಅವಧಿ ಎರಡನೇ ಹಂತದ ತನಕ ಇರ್ತದೋ ಇಲ್ಲೋ ಅದನ್ನೂ ಇವತ್ತೇ ನೋಡಿಬಿಡ್ರಿ.